ಹಗ್ಗಕ್ಕೂ ಚಕ್ರಬಡ್ಡಿ ಉಂಟು

(ಸಂಘದ ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಸಾಲ, ವಸೂಲಿ, ಷೇರು ಬಂಡವಾಳ, ಡಿವಿಡೆಂಡು ಇವುಗಳ ಬಗ್ಗೆ ಬಲ್ಲವರು ಆಗಲೇ ಮಾತಾಡಿದ್ದಾರೆ. ನಾವು ಆಯ್ದುಕೊಂಡ ವಿಷಯ ಸಣ್ಣದು. ಹಗ್ಗವನ್ನು ಕಂಬಕ್ಕೆ ಸುತ್ತಿದಾಗ ಏನಾಗುತ್ತದೆ, ಬೆಲ್ಟು ಗಾಲಿಯನ್ನು ಸುತ್ತಿಕೊಂಡಾಗ ಏನಾಗುತ್ತದೆ, ಅಷ್ಟೆ. ಇದೇನು ಭಾಷಣ ಮಾಡೋ ವಿಷಯವಾ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಐ.ಡಿ.ಹಳ್ಳಿ ಹೋಬಳಿಯಲ್ಲಿ ದನ ಕಟ್ಟಿದ ಮನೆಗಳಿವೆ, ರಾಗಿ ಬೀಸಿಸುವ ಮನೆಗಳಿವೆ, ಕೊಳವೆಬಾವಿಯ ಮೋಟಾರು ಎತ್ತಿ ಇಳಿಸಿ ಸೋತ ರೈತರಿದ್ದಾರೆ. ಹಗ್ಗ ಜಾರಿ ಮೋಟಾರು ಬಾವಿ ಪಾಲಾಗುವುದಕ್ಕೂ, ಸೆರಗು ಮಿಷನ್ನಿಗೆ ಸಿಕ್ಕಿ ಪ್ರಾಣಕ್ಕೆ ಬರುವುದಕ್ಕೂ ಹಿಂದೆ ಇರೋದು ಒಂದೇ ನಿಯಮ. ಅದನ್ನು ತಿಳಿದುಕೊಂಡರೆ ಎರಡನ್ನೂ ಬಹಳಮಟ್ಟಿಗೆ ತಪ್ಪಿಸಬಹುದು ಅಂತ ನಾವು ನಂಬಿದ್ದೇವೆ.

ಎಲ್ಲರೂ ಕಂಡಿರೋದನ್ನೇ ಮೊದಲು ಹೇಳ್ತೀವಿ. ಹೋರಿ ಗಾಬರಿಬಿದ್ದು ಎಳೀತಾ ಇದೆ. ಹಗ್ಗ ಹಿಡಿದವನು ಎಂಥ ಗಟ್ಟಿಗನಾದರೂ ಬರಿಗೈಯಲ್ಲಿ ಅದನ್ನು ತಡೆಯಲಾರ. ಅದೇ ಹಗ್ಗವನ್ನು ಪಕ್ಕದ ಕಲ್ಲುಕಂಬಕ್ಕೋ ಹುಣಸೆ ಮರಕ್ಕೋ ಎರಡು ಸುತ್ತು ಸುತ್ತಿ ತುದಿ ಹಿಡಿದುಕೊಂಡರೆ, ಮೀಸೆ ಮೂಡದ ಹುಡುಗನೂ ಹೋರಿಯನ್ನು ನಿಲ್ಲಿಸುತ್ತಾನೆ. ಗಂಟು ಹಾಕಿಲ್ಲ, ಕುಣಿಕೆ ಹಾಕಿಲ್ಲ. ಬರೀ ಸುತ್ತು. ಹಾಗಾದರೆ ಹೋರಿಯ ಬಲ ಎಲ್ಲಿ ಹೋಯಿತು?

ಕಂಬ ತಿಂದಿತು. ಹೇಗೆ ತಿಂದಿತು ಅನ್ನೋದೇ ಸ್ವಾರಸ್ಯ. ಹಗ್ಗ ಬಿಗಿಯಾದಷ್ಟೂ ಕಂಬವನ್ನು ಅದುಮುತ್ತದೆ. ಅದುಮಿದಷ್ಟೂ ತಿಕ್ಕಾಟ ಹೆಚ್ಚುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೇ ಘರ್ಷಣೆ ಅಂತಾರೆ. ಈಗ ಹುಡುಗನ ಕೈಯಿಂದ ಲೆಕ್ಕ ಶುರು ಮಾಡಿ. ಅವನು ಒಂದು ಕೆ.ಜಿ. ಬಲದಲ್ಲಿ ತುದಿ ಹಿಡಿದಿದ್ದಾನೆ. ಕಂಬದ ಮೇಲಿನ ಮೊದಲ ಬೆರಳಗಲದಲ್ಲಿ ತಿಕ್ಕಾಟ ಆ ಒಂದು ಕೆ.ಜಿ.ಗೆ ಒಂದಿಷ್ಟು ಸೇರಿಸುತ್ತದೆ. ಎರಡನೇ ಬೆರಳಗಲಕ್ಕೆ ಬರುವಾಗ ಹಗ್ಗದ ಬಿಗಿ ಒಂದು ಕೆ.ಜಿ. ಅಲ್ಲ, ಅಸಲು ಮತ್ತು ಸೇರಿದ್ದು ಎರಡೂ ಕೂಡಿದ್ದು. ತಿಕ್ಕಾಟ ಆ ಮೊತ್ತದ ಮೇಲೆ ಮತ್ತೆ ಅದೇ ಪ್ರಮಾಣದಲ್ಲಿ ಸೇರಿಸುತ್ತದೆ. ಮೂರನೇ ಬೆರಳಗಲಕ್ಕೆ ಇನ್ನೂ ದೊಡ್ಡ ಮೊತ್ತ. ಸಂಘದ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಸರಳ ಬಡ್ಡಿಯಲ್ಲ, ಚಕ್ರಬಡ್ಡಿ. ಬ್ಯಾಂಕಿನಲ್ಲಿ ಕಾಲ ಕಳೆದಂತೆ ಬಡ್ಡಿ ಬೆಳೆದರೆ ಇಲ್ಲಿ ಸುತ್ತು ಕಳೆದಂತೆ ಬೆಳೆಯುತ್ತದೆ.

ಅಂಕಿಯಲ್ಲೇ ನೋಡೋಣ. ಹಗ್ಗಕ್ಕೂ ಕಂಬಕ್ಕೂ ನಡುವಿನ ತಿಕ್ಕಾಟದ ಅಂಕ 0.3 ಅಂತ ಇಟ್ಟುಕೊಳ್ಳಿ. ಅಂದರೆ ನೆಲದ ಮೇಲಿಟ್ಟ 100 ಕೆ.ಜಿ. ಮೂಟೆಯನ್ನು ಜಾರಿಸೋಕೆ 30 ಕೆ.ಜಿ. ಬಲ ಬೇಕಾಗುವಂಥ ಮೇಲ್ಮೈ. ಹಗ್ಗ ಅರ್ಧ ಸುತ್ತು ಬಂದರೆ ಒಂದು ಕೆ.ಜಿ. ಹಿಡಿತ ಎರಡೂವರೆ ಕೆ.ಜಿ.ಯನ್ನು ತಡೆಯುತ್ತದೆ. ಒಂದು ಸುತ್ತಿಗೆ ಆರೂವರೆ ಕೆ.ಜಿ. ಎರಡು ಸುತ್ತಿಗೆ ಎಷ್ಟು? ಹದಿಮೂರು ಅಂತ ಬಾಯಿಗೆ ಬರುತ್ತದೆ. ಅಲ್ಲ, 43 ಕೆ.ಜಿ. ಮೂರು ಸುತ್ತಿಗೆ 285! ಎರಡನೇ ಸುತ್ತು ಮೊದಲನೆಯದಕ್ಕೆ ಕೂಡುವುದಿಲ್ಲ, ಗುಣಿಸುತ್ತದೆ. ಬಡ್ಡಿ ಮೇಲೆ ಬಡ್ಡಿ ಬಿದ್ದು ಸಾಲ ಹೇಗೆ ಮನೆ ಮುಳುಗಿಸುತ್ತದೆ ಅಂತ ನಮ್ಮ ಹಿರಿಯರು ಲೇವಾದೇವಿಯವರ ಜಗಲಿಯಲ್ಲಿ ಕಲಿತ ಪಾಠವೇ ಇದು.

ಚಕ್ರಬಡ್ಡಿ ಅಂತ ನಾವು ಬರೀ ಹೋಲಿಕೆಗೆ ಹೇಳಿದ್ದಲ್ಲ. ಎರಡೂ ಲೆಕ್ಕದ ಒಳಗಿರುವ ಅಂಕಿ ಒಂದೇ. ಒಂದು ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ ನೂರು ಬಡ್ಡಿಗೆ ಕೊಟ್ಟರೆ ವರ್ಷದ ಕೊನೆಗೆ ಎರಡು ರೂಪಾಯಿ. ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ಎರಡೂಕಾಲು ರೂಪಾಯಿ. ತಿಂಗಳು ತಿಂಗಳು ಸೇರಿಸಿದರೆ 2 ರೂಪಾಯಿ 61 ಪೈಸೆ. ಕ್ಷಣಕ್ಷಣಕ್ಕೂ ಸೇರಿಸುತ್ತಾ ಹೋದರೆ? ಎಷ್ಟಾದರೂ ಬೆಳೆಯಬಹುದು ಅನ್ನಿಸುತ್ತದೆ, ಆದರೆ 2 ರೂಪಾಯಿ 71 ಪೈಸೆ ಚಿಲ್ಲರೆಗೆ ನಿಂತುಬಿಡುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಯಾಕೋಬ್ ಬೆರ್ನೂಲಿ ಎಂಬ ಪಂಡಿತರು 1683ರಲ್ಲಿ ಈ ಬಡ್ಡಿ ಲೆಕ್ಕ ಹಾಕುವಾಗಲೇ ಆ ಅಂಕಿ ಕಣ್ಣಿಗೆ ಬಿತ್ತು. ಅದೇ ಊರಿನಲ್ಲಿ ಹುಟ್ಟಿದ ಲಿಯೋನಾರ್ಡ್ ಆಯ್ಲರ್ (1707-1783) ಕಂಬಕ್ಕೆ ಸುತ್ತಿದ ಹಗ್ಗದ ಲೆಕ್ಕ ಬಿಡಿಸಿದಾಗ ಮತ್ತೆ ಅದೇ 2.718 ಎದುರಿಗೆ ಬಂತು. ಕೊನೆಗಾಲದಲ್ಲಿ ಹೆಚ್ಚುಕಡಿಮೆ ಕಣ್ಣೇ ಕಾಣದಿದ್ದರೂ ಲೆಕ್ಕ ನಿಲ್ಲಿಸದಿದ್ದ ಮಹಾನುಭಾವ ಆತ. ಅವರ ನಂತರ ಜರ್ಮನಿಯ ಐಟೆಲ್ವೈನ್ ಎಂಬ ಎಂಜಿನಿಯರು ಇದನ್ನು ಕೆಲಸಗಾರರಿಗೆ ಒದಗುವಂತೆ ಮಾಡಿದರು. ಎಂಜಿನಿಯರಿಂಗ್ ಓದುವ ನಮ್ಮ ಹುಡುಗರು ಇವತ್ತಿಗೂ ಇವರಿಬ್ಬರ ಹೆಸರಿನಲ್ಲೇ ಈ ಸೂತ್ರವನ್ನು ಓದುತ್ತಾರೆ.

ಒಂದು ಸಂದೇಹ ಬಹಳ ಜನ ಕೇಳ್ತಾರೆ: ಕಂಬ ದಪ್ಪ ಇದ್ದರೆ ಹಿಡಿತ ಜಾಸ್ತಿಯಲ್ಲವಾ? ಇಲ್ಲ. ದಪ್ಪ ಕಂಬದಲ್ಲಿ ಹಗ್ಗ ತಾಗುವ ಉದ್ದ ಹೆಚ್ಚು ನಿಜ, ಆದರೆ ಒಂದೊಂದು ಅಂಗುಲದ ಮೇಲೆ ಬೀಳುವ ಒತ್ತಡ ಅಷ್ಟೇ ಕಡಿಮೆ. ಎರಡೂ ಸರಿಹೋಗುತ್ತದೆ. ಲೆಕ್ಕಕ್ಕೆ ಬರುವುದು ಎಷ್ಟು ಸುತ್ತು, ಮೇಲ್ಮೈ ಎಷ್ಟು ಒರಟು, ಇವೆರಡೇ. ಗೂಟವಾದರೂ ಒಂದೇ ಗುಡಿಯ ಕಂಬವಾದರೂ ಒಂದೇ. ಹಗ್ಗದ ಜಾತಿ ಮಾತ್ರ ನೋಡಬೇಕು. ಕತ್ತಾಳೆ ನಾರಿನ ಹಗ್ಗ, ತೆಂಗಿನ ನಾರಿನ ಹಗ್ಗ ಒರಟು, ಹಿಡಿಯುತ್ತದೆ. ಈಗ ಅಂಗಡಿಯಲ್ಲಿ ಸಿಗುವ ನುಣುಪಾದ ಪ್ಲಾಸ್ಟಿಕ್ ಹಗ್ಗ ಜಾರುತ್ತದೆ. ಅದಕ್ಕೆ ಇನ್ನೊಂದು ಸುತ್ತು ಬೇಕು. ಜೊತೆಗೆ ವೇಗವಾಗಿ ಜಾರಿದರೆ ತಿಕ್ಕಾಟದ ಕಾವಿಗೆ ಕರಗಿ ತುಂಡಾಗುವ ಅಪಾಯವೂ ಉಂಟು.

ಇನ್ನು ಮೋಟಾರಿನ ವಿಚಾರ. ನಮ್ಮ ಸೀಮೆಯಲ್ಲಿ ತಲಪರಿಗೆಯ ನೀರಿನಲ್ಲಿ ಗದ್ದೆ ಮಾಡಿದ ಕಾಲವೊಂದಿತ್ತು, ಕಪಿಲೆ ಬಾವಿಯ ಕಾಲವೊಂದಿತ್ತು. ಈಗ ಕೊಳವೆಬಾವಿಯ ಕಾಲ. ನೀರು ಕೆಳಕ್ಕೆ ಹೋದಂತೆ ಪೈಪು ಸೇರಿಸು, ಮೋಟಾರು ಸುಟ್ಟರೆ ಎತ್ತು, ಮತ್ತೆ ಇಳಿಸು. ಕಬ್ಬಿಣದ ಪೈಪು, ಮೋಟಾರು ಎಲ್ಲಾ ಸೇರಿ ತೂಕ 450 ಕೆ.ಜಿ. ಅಂತ ಇಟ್ಟುಕೊಳ್ಳಿ. ಅದನ್ನು ಆರು ಜನ ಬರಿಗೈಯಲ್ಲಿ ಹಿಡಿದು ಇಳಿಸಲು ಹೋದರೆ ಒಬ್ಬನ ಅಂಗೈ ಉರಿದು ಕೈಬಿಟ್ಟ ಕೂಡಲೇ ಉಳಿದವರ ಮೇಲೆ ಭಾರ ಬಿದ್ದು ಅವರೂ ಬಿಡಬೇಕಾಗುತ್ತದೆ. ಹಗ್ಗವನ್ನು ಭದ್ರವಾಗಿ ಹೂತ ಕಲ್ಲುಕಂಬಕ್ಕೆ ಎರಡು ಸುತ್ತು ಹಾಕಿ, ನಮ್ಮ ಲೆಕ್ಕದಂತೆ 450ನ್ನು 43ರಿಂದ ಭಾಗಿಸಿ: ತುದಿ ಹಿಡಿಯಲು ಹತ್ತು ಹತ್ತೂವರೆ ಕೆ.ಜಿ. ಸಾಕು. ಒಂದು ಸುತ್ತೇ ಹಾಕಿದರೆ 68 ಕೆ.ಜಿ. ಬೇಕು, ಒಬ್ಬನ ಕೈಲಿ ಆಗಲ್ಲ. ತುದಿಯನ್ನು ಮೆಲ್ಲಗೆ ಸಡಿಲ ಬಿಟ್ಟರೆ ಭಾರ ಮೆಲ್ಲಗೆ ಇಳಿಯುತ್ತದೆ, ಬಿಗಿ ಹಿಡಿದರೆ ನಿಲ್ಲುತ್ತದೆ. ಸುತ್ತುಗಳು ಪಕ್ಕಪಕ್ಕ ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದರೆ ಮೇಲಿನದು ಕೆಳಗಿನದನ್ನು ಅದುಮಿ ಹಗ್ಗ ಕಚ್ಚಿಕೊಳ್ಳುತ್ತದೆ, ಭಾರ ಅಂತರದಲ್ಲೇ ನೇತಾಡುತ್ತದೆ. ಆಗ ಬಿಡಿಸಲು ಯಾರೂ ಕಂಬಕ್ಕೂ ಹಗ್ಗಕ್ಕೂ ನಡುವೆ ಬೆರಳು ತೂರಿಸಬೇಡಿ. ಭಾರವನ್ನು ಮೊದಲು ಕ್ಲಾಂಪಿನ ಮೇಲೆ ಕೂರಿಸಿ ಆಮೇಲೆ ಹಗ್ಗ ಮುಟ್ಟಿ. ನೆಲದ ಮೇಲೆ ಸುರುಳಿ ಬಿದ್ದಿರುವ ಹಗ್ಗದೊಳಗೆ ಕಾಲಿಟ್ಟುಕೊಂಡು ನಿಲ್ಲೋದಂತೂ ಕೂಡದು.

ಆದರೆ ಇದು ಇಳಿಸುವ ಮಾತು. ಎತ್ತುವಾಗ ಇದೇ ಚಕ್ರಬಡ್ಡಿ ನಮಗೆ ವಿರುದ್ಧ ತಿರುಗುತ್ತದೆ. ನಿಂತ ಕಂಬದ ಮೇಲೆ ಕಾಲು ಸುತ್ತು ಬಂದ ಹಗ್ಗದಿಂದ 100 ಕೆ.ಜಿ. ಎತ್ತಬೇಕಾದರೆ 160 ಕೆ.ಜಿ. ಬಲ ಬೇಕು, ಅರ್ಧ ಸುತ್ತಾದರೆ 250 ದಾಟುತ್ತದೆ. ಅದಕ್ಕೇ ಎತ್ತುವ ಕಡೆ ತಿರುಗುವ ಗಾಲಿ ಇರಬೇಕು. ಗಾಲಿ ಹಗ್ಗದ ಜೊತೆ ತಾನೂ ತಿರುಗುವುದರಿಂದ ಹಗ್ಗ ಗಾಲಿಯ ಮೇಲೆ ಜಾರುವುದಿಲ್ಲ, ತಿಕ್ಕಾಟವೆಲ್ಲ ನಡುವಿನ ಅಚ್ಚಿಗೆ ಹೋಗುತ್ತದೆ, ಅಚ್ಚಿಗೆ ಎಣ್ಣೆ ಬಿಟ್ಟರೆ ಅದೂ ಕಡಿಮೆ. ಕಪಿಲೆ ಹೊಡೆದ ಹಿರಿಯರು ಇಲ್ಲಿ ಕೆಲವರಿದ್ದೀರಿ. ಗಾಲಿ ಕಿರುಗುಟ್ಟಿದರೆ ಎತ್ತು ನೊಂದುಕೊಳ್ಳುತ್ತೆ ಅಂತ ಬೆಳಗ್ಗೆ ಎದ್ದು ಮೊದಲು ಹರಳೆಣ್ಣೆ ಬಿಡುತ್ತಿದ್ದದ್ದು ಯಾಕೆ ಅನ್ನೋದು ಈಗ ಗೊತ್ತಾಯಿತಲ್ಲ. ಗಾಲಿ ಕಚ್ಚಿ ನಿಂತರೆ ಅದು ಗಾಲಿಯಲ್ಲ, ಕಂಬ. ನೂರು ಕೆ.ಜಿ. ನೀರಿಗೆ ಎತ್ತುಗಳು ನೂರರವತ್ತು ಎಳೆಯಬೇಕಾಗುತ್ತಿತ್ತು. ಸೇದೋ ಬಾವಿಯ ಕಟ್ಟೆಕಲ್ಲಿನಲ್ಲಿ ಹಗ್ಗ ತಿಕ್ಕಿ ಆದ ಗೀರುಗಳನ್ನು ನೋಡಿ. ರಾಟೆ ಇಲ್ಲದೆ ಕಲ್ಲಿನ ಮೇಲೇ ಹಗ್ಗ ಎಳೆದ ನಮ್ಮ ಅಜ್ಜಿ ಅವ್ವಂದಿರ ದುಡಿಮೆಯ ಲೆಕ್ಕ ಅದರಲ್ಲಿ ಬರೆದಿದೆ. ಒಂದು ರಾಟೆ ಹಾಕಿಸಿದ್ದರೆ ಅವರ ತೋಳಿನ ಭಾರ ಎಷ್ಟೋ ಇಳಿಯುತ್ತಿತ್ತು. ಊರ ಯಜಮಾನರಿಗೆ ಅದು ತೋಚಲಿಲ್ಲ, ಯಾಕೆಂದರೆ ನೀರು ಸೇದುತ್ತಿದ್ದವರು ಅವರಲ್ಲ.

ಹೆಂಗಸರಿಗೆ ಈ ವಿದ್ಯೆ ನಾವು ಹೇಳಿಕೊಡಬೇಕಾದ್ದೇನಿಲ್ಲ ಬಿಡಿ. ಮಜ್ಜಿಗೆ ಕಡೆಯುವ ಕಡೆಗೋಲಿಗೆ ಹಗ್ಗವನ್ನು ಎಷ್ಟು ಸುತ್ತು ಸುತ್ತಬೇಕು ಅಂತ ಯಾವ ಪುಸ್ತಕವೂ ನೋಡದೆ ಅವರಿಗೆ ಗೊತ್ತು. ಸುತ್ತು ಕಡಿಮೆಯಾದರೆ ಹಗ್ಗ ಜಾರುತ್ತದೆ, ಕೋಲು ತಿರುಗಲ್ಲ. ಹೆಚ್ಚಾದರೆ ಸುತ್ತಿನ ಮೇಲೆ ಸುತ್ತು ಹತ್ತಿ ಸಿಕ್ಕಾಗುತ್ತದೆ. ಕೋಲಿಗೆ ಬೆಣ್ಣೆಯ ಜಿಡ್ಡು ತಾಗಿದರೆ ಸೀರೆಯ ಅಂಚಿನಲ್ಲಿ ಒರೆಸಿ ಮತ್ತೆ ಸುತ್ತುತ್ತಾರೆ. ಜಿಡ್ಡಾದ ಮೇಲ್ಮೈಗೆ ಆ 0.3 ಅನ್ನೋ ಅಂಕ 0.1ಕ್ಕೆ ಇಳಿಯಬಹುದು. ಆಗ ಒಂದು ಸುತ್ತಿಗೆ ಆರೂವರೆ ಪಟ್ಟು ಸಿಗುತ್ತಿದ್ದ ಹಿಡಿತ ಎರಡು ಪಟ್ಟಿಗಿಂತಲೂ ಕಡಿಮೆ. ಮಂದರ ಪರ್ವತಕ್ಕೆ ವಾಸುಕಿಯನ್ನು ಸುತ್ತಿದ ದೇವಾಸುರರು ಹಾವಿನ ನುಣುಪು ಮೈಯನ್ನು ಹೇಗೆ ಸಂಭಾಳಿಸಿದರೋ!

ಗಿರಣಿಯ ಬೆಲ್ಟಿನದೂ ಇದೇ ಕಥೆ, ಒಂದು ವ್ಯತ್ಯಾಸದೊಡನೆ. ಇಲ್ಲಿ ಗಾಲಿ ಬೆಲ್ಟನ್ನು ಎಳೆಯುತ್ತದೆ, ಬೆಲ್ಟು ಇನ್ನೊಂದು ಗಾಲಿಯನ್ನು ಎಳೆಯುತ್ತದೆ. ಸುತ್ತು ಅರ್ಧವೇ, ಚಿಕ್ಕ ಗಾಲಿಯಲ್ಲಿ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಜಾರುವುದು ಮೊದಲು ಚಿಕ್ಕ ಗಾಲಿಯಲ್ಲೇ. ಜಾರಿದ ಬೆಲ್ಟು ಕಾಯುತ್ತದೆ, ಒಳಮೈ ಕನ್ನಡಿಯಂತೆ ಹೊಳೆಯುತ್ತದೆ, ಹೊಳೆದ ಮೇಲೆ ಇನ್ನಷ್ಟು ಜಾರುತ್ತದೆ. ಕರೆಂಟು ಖರ್ಚಾಗುತ್ತದೆ, ಕಲ್ಲು ತಿರುಗಲ್ಲ. ಆಗ ಮಿಲ್ಲಿನವರು ಮಾಡೋದು ಎರಡು ಕೆಲಸ. ಒಂದು, ಬೆಲ್ಟನ್ನು ಕಡಿದು ಬಿಗಿ ಮಾಡೋದು. ಅತಿ ಬಿಗಿ ಮಾಡಿದರೆ ಬೇರಿಂಗು ಹೋಗುತ್ತದೆ. ಎರಡು, ತಿರುಗುವ ಬೆಲ್ಟಿಗೇ ರಾಳ ಹಾಕೋದು. ರಾಳ ಸ್ವಲ್ಪ ಹೊತ್ತು ಅಂಟಿಕೊಂಡ ಹಾಗೆ ಕಾಣುತ್ತದೆ, ಆಮೇಲೆ ದೂಳು ಹಿಡಿದು ಗಟ್ಟಿಯಾಗಿ ಮೊದಲಿಗಿಂತ ಕಷ್ಟ ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಓಡುವ ಬೆಲ್ಟು ಗಾಲಿಯೊಳಗೆ ನುಗ್ಗುವ ಜಾಗಕ್ಕೆ ಕೈ ಒಯ್ಯುವ ಈ ಅಭ್ಯಾಸ ನಮಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಬಿಗಿ ಮಾಡುವುದಕ್ಕಿಂತ ಸುತ್ತು ಹೆಚ್ಚಿಸುವುದು ಜಾಣತನ. ಅಡ್ಡಡ್ಡ ಓಡುವ ಬೆಲ್ಟಿನಲ್ಲಿ ಸಡಿಲ ಭಾಗ ಮೇಲೆ, ಬಿಗಿ ಭಾಗ ಕೆಳಗೆ ಇರುವಂತೆ ತಿರುಗಿಸಿದರೆ, ಮೇಲಿನ ಭಾಗ ಜೋತು ಬಿದ್ದು ಗಾಲಿಯನ್ನು ಇನ್ನಷ್ಟು ಅಪ್ಪಿಕೊಳ್ಳುತ್ತದೆ. ಸಡಿಲ ಭಾಗದ ಮೇಲೆ ಚಿಕ್ಕ ಗಾಲಿಯ ಹತ್ತಿರ ಒಂದು ಒತ್ತುಗಾಲಿ ಕೂರಿಸಿದರೂ ಆಗುತ್ತದೆ. ಪಂಪು, ಥ್ರೆಷರುಗಳಲ್ಲಿ ಈಗ ಕಾಣುವ ವಿ-ಬೆಲ್ಟು ಇದನ್ನೇ ಬೇರೆ ರೀತಿ ಸಾಧಿಸುತ್ತದೆ. ಅದು ಗಾಲಿಯ ತೋಡಿನೊಳಗೆ ಬೆಣೆಯಂತೆ ಸಿಕ್ಕಿಕೊಳ್ಳುವುದರಿಂದ ತಿಕ್ಕಾಟದ ಅಂಕ ಮೂರು ಪಟ್ಟಾದಂತೆ. ಚಪ್ಪಟೆ ಬೆಲ್ಟು ಅರ್ಧ ಸುತ್ತಿನಲ್ಲಿ ಎರಡೂವರೆ ಪಟ್ಟು ಹಿಡಿದರೆ ವಿ-ಬೆಲ್ಟು 17 ಪಟ್ಟು ಹಿಡಿಯುತ್ತದೆ. ಅದೂ ಚಕ್ರಬಡ್ಡಿಯ ಮಹಿಮೆ. ತೋಡಿನ ತಳಕ್ಕೆ ಬೆಲ್ಟು ತಾಗುವಷ್ಟು ಸವೆದಿದ್ದರೆ ಮಾತ್ರ ಬದಲಾಯಿಸಿಬಿಡಿ. ತಳ ತಾಗಿದ ಬೆಲ್ಟಿಗೆ ಬೆಣೆಯ ಗುಣ ಇರಲ್ಲ.

ಇಷ್ಟು ಹೊತ್ತು ಲಾಭದ ಮಾತಾಯಿತು. ನಾವು ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಇನ್ನು ಮುಂದಿನದು.

ಹೋರಿಯನ್ನೋ ಎಮ್ಮೆಯನ್ನೋ ಹಿಡಿದುಕೊಂಡು ಹೋಗುವಾಗ ಹಗ್ಗ ಜಾರದಿರಲಿ ಅಂತ ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇದೆ. ಸಂತೆಗೆ ಹೋಗುವವರಲ್ಲಿ ನೋಡಿ, ಡೇರಿಗೆ ಹಸು ತರುವ ಮಕ್ಕಳಲ್ಲಿ ನೋಡಿ. ಯೋಚನೆ ಮಾಡಿ, ಈಗ ಕಂಬ ಯಾವುದು? ನಿಮ್ಮ ಕೈಯೇ ಕಂಬ. ಬಸ್ಸಿನ ಹಾರನ್ನಿಗೆ ದನ ಬೆದರಿ ಓಡಿದರೆ, ಎರಡು ಸುತ್ತಿನ ಚಕ್ರಬಡ್ಡಿಯಲ್ಲಿ ಬೆರಳ ತುದಿಯ ಹಿಡಿತವೇ ದನದ ಬಲವನ್ನೆಲ್ಲ ತಡೆಯಲು ಹೋಗುತ್ತದೆ. ಹಗ್ಗ ಜಾರಲ್ಲ. ಕಲ್ಲುಕಂಬ ನೆಲದಲ್ಲಿ ಹೂತಿರುತ್ತದೆ, ಮನುಷ್ಯ ಹೂತಿರಲ್ಲ, ಅವನೇ ಎಳೆದುಕೊಂಡು ಹೋಗುತ್ತಾನೆ. ಬೆರಳು ಬಿಡಿಸಿದರೂ ಪ್ರಯೋಜನವಿಲ್ಲ, ಮೇಲಿನ ಸುತ್ತು ಕೆಳಗಿನದನ್ನು ಅದುಮಿ ಹಿಡಿದಿರುತ್ತದೆ. ಹಗ್ಗವನ್ನು ಮಡಿಚಿ ಹಿಡಿಯಿರಿ, ಸುತ್ತಬೇಡಿ. ಮಡಿಚಿದ್ದು ಅಂಗೈ ಬಿಚ್ಚಿದ ಕೂಡಲೇ ಬಿದ್ದುಹೋಗುತ್ತದೆ. ದನ ಓಡಿಹೋದರೆ ಹೋಗಲಿ, ಸಂಜೆಗೆ ಸಿಗುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಯಿಸುವ ಹುಡುಗರಿಗಂತೂ ಇವತ್ತೇ ಮನೆಗೆ ಹೋಗಿ ಹೇಳಿ.

ಇದಕ್ಕಿಂತ ಭಯಂಕರವಾದದ್ದು ತಿರುಗುವ ಶಾಫ್ಟು. ಟ್ರ್ಯಾಕ್ಟರಿನ ಹಿಂದೆ ಥ್ರೆಷರಿಗೆ ಬಲ ಕೊಡುವ ಪಿ.ಟಿ.ಓ. ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಎರಡು ಅಂಗುಲ ದಪ್ಪದ ಶಾಫ್ಟಾದರೆ ಒಂದು ಸೆಕೆಂಡಿನಲ್ಲಿ ಒಂದೂವರೆ ಗಜ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ಲಿನ ತುದಿ ತಾಗಿತು ಅಂದುಕೊಳ್ಳಿ. 'ಅಯ್ಯೋ' ಅನ್ನುವಷ್ಟರಲ್ಲಿ ಎರಡು ಮೂರು ಸುತ್ತು ಬಿದ್ದಾಯಿತು. ಎರಡು ಸುತ್ತಿಗೆ 43, ಮೂರು ಸುತ್ತಿಗೆ 285 ಅಂತ ಆಗಲೇ ಲೆಕ್ಕ ಹಾಕಿದ್ದೀವಿ. ಆಮೇಲೆ ನಾಲ್ಕು ಜನ ಸೇರಿ ಎಳೆದರೂ ಬಟ್ಟೆ ಜಾರಿ ಬರಲ್ಲ. ಎಳೆದಷ್ಟೂ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಹಿಡಿಯುತ್ತದೆ. ಆಗ ಬಟ್ಟೆ ಹರಿಯಬೇಕು, ಇಲ್ಲ ಮಿಷನ್ನು ನಿಲ್ಲಬೇಕು, ಮೂರನೇ ದಾರಿಯಿಲ್ಲ. ಸೀರೆಯ ಸೆರಗು ಸುಲಭಕ್ಕೆ ಹರಿಯುವ ಬಟ್ಟೆಯಲ್ಲ. ಬಿಚ್ಚು ಜಡೆಯ ಕೂದಲಂತೂ ಹರಿಯುವುದೇ ಇಲ್ಲ.

ಸರ್ಕಾರದವರಿಗೆ ಇದು ಗೊತ್ತಿಲ್ಲದ್ದಲ್ಲ. 1948ರ ಕಾರ್ಖಾನೆಗಳ ಕಾಯ್ದೆ, ಓಡುವ ಮಿಷನ್ನಿನ ಹತ್ತಿರ ಕೆಲಸ ಮಾಡುವವನು ಮೈಗೆ ಅಂಟಿದ ಬಿಗಿಯಾದ ಉಡುಪು ಹಾಕಿರಬೇಕು, ಅದನ್ನು ಮಾಲೀಕನೇ ಒದಗಿಸಬೇಕು ಅಂತ ವಿಧಿಸಿತ್ತು. ಉತ್ತರ ಭಾರತದ ಗೋಧಿ ಸೀಮೆಯಲ್ಲಿ ಥ್ರೆಷರಿಗೆ ಸಿಕ್ಕಿ ಕೈ ಕಳಕೊಂಡವರ ಸಂಖ್ಯೆ ಹೆಚ್ಚಿದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯೂ ಬಂತು. ಆದರೆ ಕಣದಲ್ಲಿ ರಾತ್ರಿ ಹನ್ನೊಂದಕ್ಕೆ, ಬಾಡಿಗೆ ಥ್ರೆಷರು ಮುಂದಿನ ಕಣಕ್ಕೆ ಹೋಗುವ ಅವಸರದಲ್ಲಿ ಇರುವಾಗ, ಕಾಯ್ದೆ ಅಲ್ಲಿಗೆ ಬಂದು ನಿಲ್ಲುವುದಿಲ್ಲ. ಬೆಲ್ಟಿನ ಮುಚ್ಚಳ ರಿಪೇರಿಗೆ ಬಿಚ್ಚಿದ್ದು ವಾಪಸ್ಸು ಹಾಕಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದು ಬಿಸಾಡಿ ವರ್ಷವಾಯಿತು. 'ಏನೂ ಆಗಲ್ಲ ಬಿಡಣ್ಣ, ಎಷ್ಟು ವರ್ಷದಿಂದ ಮಾಡ್ತಾ ಇದೀವಿ' ಅಂತಾರೆ. ವರ್ಷಗಟ್ಟಲೆ ಏನೂ ಆಗದಿದ್ದದ್ದು ಶಾಫ್ಟು ಒಳ್ಳೆಯದು ಅನ್ನೋದಕ್ಕಲ್ಲ, ಟವೆಲ್ಲಿನ ತುದಿ ನಾಲ್ಕು ಬೆರಳು ದೂರ ಹಾರಿದ್ದರಿಂದ.

ನಾವು ಕೇಳಿಕೊಳ್ಳೋದು ದೊಡ್ಡದೇನಲ್ಲ. ಸಂಘದ ಸದಸ್ಯರಲ್ಲಿ ಗಿರಣಿ ಇರುವವರಿದ್ದೀರಿ, ಟ್ರ್ಯಾಕ್ಟರು ಇರುವವರಿದ್ದೀರಿ. ಈ ಸಲದ ರಾಗಿ ಒಕ್ಕಣೆಗೆ ಮೊದಲು ಬೆಲ್ಟಿಗೆ ತಂತಿ ಜಾಲರಿಯ ಮುಚ್ಚಳ, ಶಾಫ್ಟಿಗೆ ಕವಚ ಹಾಕಿಸಿ. ಬೆರಳು ತೂರದಷ್ಟು ಸಣ್ಣ ಜಾಲರಿ ಸಾಕು, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. ಗಿರಣಿಯ ಸ್ವಿಚ್ಚು ಬೆಲ್ಟಿನ ಆಚೆ ಬದಿಯಲ್ಲಿದ್ದರೆ ಈಚೆಗೆ ತನ್ನಿ. ಬೆಲ್ಟು ದಾಟಿ ಹೋಗಿ ಆರಿಸೋ ಸ್ವಿಚ್ಚು ಇದ್ದೂ ಇಲ್ಲದ ಹಾಗೆ. ಹಿಟ್ಟು ಬೀಸಿಸಲು ಬಂದ ಹೆಣ್ಣುಮಕ್ಕಳು ನಿಲ್ಲುವ ಜಾಗಕ್ಕೂ ಬೆಲ್ಟಿಗೂ ನಡುವೆ ಒಂದು ಅಡ್ಡಗಂಬಿ ಹಾಕಿ. 'ಸೆರಗು ಸೊಂಟಕ್ಕೆ ಸಿಗಿಸ್ಕಳವ್ವ' ಅಂತ ಹೇಳೋದಕ್ಕೆ ಯಾವ ಮಿಲ್ಲಿನ ಯಜಮಾನನೂ ನಾಚಿಕೊಳ್ಳಬೇಕಿಲ್ಲ. ಥ್ರೆಷರಿಗೆ ಕಂತೆ ಹಾಕುವವರು ಟವೆಲ್ಲು ತಲೆಗೆ ಬಿಗಿದು ಕಟ್ಟಿ ತುದಿ ಒಳಗೆ ಸಿಗಿಸಿಕೊಳ್ಳಲಿ, ಹೆಗಲ ಮೇಲೆ ಬೇಡ. ಲುಂಗಿ ಬೇಡವೇ ಬೇಡ. ಯಾರದ್ದಾದರೂ ಬಟ್ಟೆ ಸಿಕ್ಕಿತೋ, ಎಳೆಯಲು ಓಡಬೇಡಿ, ಇಂಜಿನ್ನು ಆರಿಸಲು ಓಡಿ. ಒಬ್ಬ ಮನುಷ್ಯ ಸ್ವಿಚ್ಚಿನ ಹತ್ತಿರವೇ ಇರಬೇಕು, ಬೀಡಿ ಸೇದಲು ಆಚೆ ಹೋಗಬಾರದು.

ಸಭೆ ಮುಗಿದ ಮೇಲೆ ಊಟದ ಪೆಂಡಾಲಿನ ಪಕ್ಕ ಎರಡು ಕವೆಗಳ ಮೇಲೆ ಅಡ್ಡ ಒಂದು ನೀಲಗಿರಿ ಗಳ ಕಟ್ಟಿಸಿದ್ದೇವೆ. ಗಳ ತಿರುಗುವುದಿಲ್ಲ, ಗಟ್ಟಿಯಾಗಿ ಕಟ್ಟಿದೆ. ಹಗ್ಗದ ಒಂದು ತುದಿಗೆ 15 ಲೀಟರಿನ ತುಂಬಿದ ಕೊಡ, ಇನ್ನೊಂದು ತುದಿಗೆ ಅಂಗಡಿಯ ಅರ್ಧ ಕೆ.ಜಿ. ಬಟ್ಟು. ಒಂದು ಸುತ್ತು ಹಾಕಿದರೆ ಕೊಡ ಜರ್ರನೆ ಇಳಿಯುತ್ತದೆ. ಎರಡು ಮೂರು ಸುತ್ತು ಹಾಕಿ ನೀವೇ ನೋಡಿ. ಆಮೇಲೆ ಗಳಕ್ಕೆ ಸ್ವಲ್ಪ ಕಡಲೆಕಾಯಿ ಎಣ್ಣೆ ಸವರಿ ಮತ್ತೆ ನೋಡಿ. ಮಕ್ಕಳು ಕೊಡದ ಕೆಳಗೆ ನಿಲ್ಲದಂತೆ ದೊಡ್ಡವರು ನೋಡಿಕೊಳ್ಳಬೇಕು.